ಸೂರ್ಯ ಮುಳುಗುವ ಮುನ್ನ ಕೂಲಿ

ದುಡಿಯುವ ಬಂಧುಗಳೇ,

ಮೋಶೆಯ ಐದು ಪುಸ್ತಕಗಳಿಗೆ ಯೆಹೂದ್ಯರು ತೋರಾ ಎನ್ನುತ್ತಾರೆ. ಅದನ್ನು 54 ಪಾಠಗಳಾಗಿ ವಿಂಗಡಿಸಿ, ಪ್ರತಿ ಸಬ್ಬತ್ ದಿನ ಸಭಾಮಂದಿರದಲ್ಲಿ ಕ್ರಮವಾಗಿ ಓದುತ್ತಾರೆ. ಕೊನೆಯ ಪಾಠ ಮುಗಿಸಿದ ದಿನವೇ ಆದಿಕಾಂಡದಿಂದ ಮತ್ತೆ ಆರಂಭ. ಈ ಕ್ರಮದಲ್ಲಿ ಒಂದು ದೊಡ್ಡ ಗುಣವಿದೆ. ಹಿತವಾದ ಮಾತನ್ನು ಆರಿಸಿ ಓದಿ, ಕಹಿಯಾದ ಮಾತನ್ನು ದಾಟಿ ಹೋಗಲು ಯಾರಿಗೂ ಅವಕಾಶವಿಲ್ಲ. ಕೂಲಿಯ ಮಾತು ಬರುವ ವಾರ ಧಣಿಯೂ ಕೂತು ಕೇಳಲೇಬೇಕು.

ಆ ವಾರದ ಪಾಠಕ್ಕೆ 'ಕೀ ತೇತ್ಸೆ' ಎಂದು ಹೆಸರು. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ 10ನೆಯ ವಚನದಿಂದ 25ನೆಯ ಅಧ್ಯಾಯದ ಕೊನೆಯ ತನಕ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಅವರ ಹೊಸ ವರ್ಷಕ್ಕೆ ಮುಂಚಿನ ಪಶ್ಚಾತ್ತಾಪದ ತಿಂಗಳಲ್ಲಿ ಇದನ್ನು ಓದುತ್ತಾರೆ. ತೋರಾದ 613 ಆಜ್ಞೆಗಳ ಪೈಕಿ 74 ಇದೊಂದರಲ್ಲೇ ಇವೆಯೆಂದು ಅವರ ಹಳೆಯ ಎಣಿಕೆ.

ಯಾವ ಆಜ್ಞೆಗಳು? ಮನೆಯ ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು, ಯಾರೂ ಬಿದ್ದು ಸಾಯಬಾರದು. ಬಡವನ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು. ಅವನ ಹೊದಿಕೆಯನ್ನು ಒತ್ತೆ ತೆಗೆದುಕೊಂಡರೆ ಸಂಜೆಗೆ ಹಿಂದಿರುಗಿಸಬೇಕು. ಓಡಿಬಂದ ದಾಸನನ್ನು ಒಡೆಯನ ಕೈಗೆ ಹಿಡಿದುಕೊಡಬಾರದು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇರಬಾರದು. ಇವುಗಳ ನಡುವೆ, 24ನೆಯ ಅಧ್ಯಾಯದ 14 ಮತ್ತು 15ನೆಯ ವಚನಗಳಲ್ಲಿ, ಕೂಲಿಯ ಕಟ್ಟಳೆ: ಆಯಾ ದಿನದ ಕೂಲಿ ಆಯಾ ದಿನವೇ, ಹೊತ್ತು ಮುಳುಗುವುದರೊಳಗೆ ಸಲ್ಲಬೇಕು. ಕೂಲಿಯವನು ಸ್ವಜನವಾದರೂ ಸರಿ, ಹೊರಗಿನಿಂದ ಬಂದವನಾದರೂ ಸರಿ. ಕೊಡದೆ ಹೋದರೆ ಅವನ ಮೊರೆ ದೇವರ ಸನ್ನಿಧಿಗೆ ಮುಟ್ಟುತ್ತದೆ, ಅದು ಕೊಡದವನಿಗೆ ಪಾಪವಾಗಿ ನಿಲ್ಲುತ್ತದೆ.

"ಅದೆಲ್ಲ ಹಳೆಯ ಒಡಂಬಡಿಕೆ, ನಾವು ಕೃಪೆಯ ಕಾಲದವರು" ಎಂದು ನಮ್ಮವರಲ್ಲೇ ಕೆಲವರು ಹೇಳುವುದನ್ನು ಕೇಳಿದ್ದೇನೆ. ವಿಚಿತ್ರವೆಂದರೆ, ದಶಮಾಂಶದ ಮಾತು ಬಂದಾಗ ಅದೇ ಹಳೆಯ ಒಡಂಬಡಿಕೆ ಅವರಿಗೆ ಹೊಸದಾಗಿಬಿಡುತ್ತದೆ! ದ್ರಾಕ್ಷಿತೋಟದ ಸಾಮ್ಯದಲ್ಲಿ ನಮ್ಮ ಕರ್ತನ ಯಜಮಾನನು ಕೂಲಿ ಕೊಡಿಸಿದ್ದು ಯಾವಾಗ? ಸಂಜೆಯಾದಾಗ. ಕೇಳುತ್ತಿದ್ದ ಯೆಹೂದ್ಯ ಜನರಿಗೆ ಮೋಶೆಯ ಕಟ್ಟಳೆ ಗೊತ್ತಿತ್ತು. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಐಶ್ವರ್ಯವಂತರನ್ನು ಗದರಿಸಿದ್ದೂ ಇದೇ ಆಧಾರದ ಮೇಲೆ. ಕಣದಲ್ಲಿ ತೆನೆ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಹಾಕಬಾರದೆಂಬ ನಿಯಮವೂ ಇದೇ ಪಾಠದ್ದು, ಪೌಲನು ಅದನ್ನು ಎರಡು ಪತ್ರಿಕೆಗಳಲ್ಲಿ ಎತ್ತಿ ಹೇಳುತ್ತಾನೆ. ಬೋಧಕರ ಸಂಬಳದ ಚರ್ಚೆಯಲ್ಲಿ ಆ ಎತ್ತು ಎಲ್ಲರಿಗೂ ನೆನಪಾಗುತ್ತದೆ. ದೇವಾಲಯದ ಅಂಗಳ ಗುಡಿಸುವ ಅಕ್ಕನ ಕೂಲಿ ಎರಡು ತಿಂಗಳು ಬಾಕಿ ಬಿದ್ದಾಗ ಆ ಎತ್ತು ಎಲ್ಲಿಗೆ ಹೋಗುತ್ತದೆ?

ಯೆಹೂದ್ಯ ಪಂಡಿತರು ಈ ಕಟ್ಟಳೆಯನ್ನು ಓದಿ ಸುಮ್ಮನಾಗಲಿಲ್ಲ. ಕೂಲಿಯವನು ಏಣಿ ಹತ್ತುವುದು, ಮರದಲ್ಲಿ ನೇತಾಡುವುದು, ಪ್ರಾಣಕ್ಕೆ ಅಂಜದಿರುವುದು ಕೂಲಿಗಾಗಿಯೇ ಅಲ್ಲವೇ ಎಂದು ತಾಲ್ಮುದಿನಲ್ಲಿ ಕೇಳಿದ್ದಾರೆ. ಅಲ್ಲೇ ಒಂದು ಪ್ರಸಂಗವಿದೆ. ಹಮಾಲಿಗಳು ಒಬ್ಬ ಪಂಡಿತನ ದ್ರಾಕ್ಷಾರಸದ ಪಾತ್ರೆಯನ್ನು ಒಡೆದುಬಿಟ್ಟರು. ಅವನು ಅವರ ಮೇಲಂಗಿಗಳನ್ನು ಕಿತ್ತಿಟ್ಟುಕೊಂಡ. ಅವರು 3ನೆಯ ಶತಮಾನದ ಗುರು ರಾವ್ ಎಂಬವನ ಬಳಿ ದೂರಿಟ್ಟರು. ರಾವ್, ಅಂಗಿ ಹಿಂದೆ ಕೊಡು ಎಂದ. ಇದು ಕಾನೂನೇ ಎಂದು ಪಂಡಿತ ಕೇಳಿದ. ಹೌದು ಎಂದ ರಾವ್. ಆಗ ಹಮಾಲಿಗಳು, ನಾವು ಬಡವರು, ದಿನವಿಡೀ ದುಡಿದೆವು, ಹಸಿದಿದ್ದೇವೆ ಎಂದರು. ಹಾಗಾದರೆ ಕೂಲಿಯನ್ನೂ ಕೊಡು ಎಂದ ರಾವ್. ಇದೂ ಕಾನೂನೇ? ಹೌದು, ಇದೂ ಕಾನೂನೇ.

ಈ ಪ್ರಸಂಗ ಓದಿದಾಗ ನನಗೆ ನಮ್ಮ ಕಾಸರಗೋಡು ಕಡೆಯ ಬೀಡಿ ಕಟ್ಟುವ ತಾಯಂದಿರು ನೆನಪಾಗುತ್ತಾರೆ. ಎಲೆ ಕೆಟ್ಟದ್ದು ಕೊಟ್ಟವರು ಯಾರೋ. ಕಟ್ಟಿದ ಬೀಡಿ ಸರಿಯಿಲ್ಲವೆಂದು ಬದಿಗೆ ಎತ್ತಿಟ್ಟು ಲೆಕ್ಕದಿಂದ ಕಳೆಯುವುದು ಮಾತ್ರ ಅವರ ತಲೆಗೆ. ಹಬ್ಬದ ದಿನ ಅದೇ ಕಂತ್ರಾಟುದಾರ ಒಂದು ಸೀರೆ ಕೊಟ್ಟರೆ ಊರೆಲ್ಲ ಅವನನ್ನು ಧರ್ಮಿಷ್ಠ ಎನ್ನುತ್ತದೆ. ಬಂಧುಗಳೇ, ಕೂಲಿ ಬೇರೆ, ದಾನ ಬೇರೆ. ಕಳೆದ ಕೂಲಿಯ ದುಡ್ಡಿನಿಂದ ಕೊಟ್ಟ ಸೀರೆಗೆ ಕೃತಜ್ಞತೆ ಹೇಳಬೇಕಾಗಿಲ್ಲ.

ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹವಾದ ಮಿಶ್ನಾದಲ್ಲಿ ಇನ್ನೊಂದು ನಿಯಮವುಂಟು: ಕೂಲಿಯವನು ಬಾಯಿಬಿಟ್ಟು ಕೇಳದಿದ್ದರೆ, ಆ ದಿನದ ತಡಕ್ಕಾಗಿ ಧಣಿಯ ಮೇಲೆ ಕಟ್ಟಳೆ ಮೀರಿದ ದೋಷ ಬೀಳುವುದಿಲ್ಲ. ಇದು ಧಣಿಗಳಿಗೆ ಅನುಕೂಲವೆಂದು ಕಾಣಬಹುದು. ನನಗೆ ಅದು ಸಂಘದ ಬಾಗಿಲಿನ ಮೇಲೆ ಬರೆಯತಕ್ಕ ಮಾತಾಗಿ ಕಾಣುತ್ತದೆ. ಕೇಳುವುದು ಅಹಂಕಾರವಲ್ಲ, ದೇವರಿಗೆ ಅವಿಧೇಯತೆಯೂ ಅಲ್ಲ. ಕೇಳಿದರೇ ಕಟ್ಟಳೆ ಎದ್ದು ನಿಲ್ಲುವುದು. ಒಬ್ಬಳೇ ಕೇಳಲು ಹೆದರಿದರೆ ಹತ್ತು ಜನ ಕೂಡಿ ಕೇಳಬೇಕು.

ನಮ್ಮ ದೇಶದ ಕಾನೂನೂ ಈಗ ಹತ್ತಿರ ಹತ್ತಿರ ಅದೇ ಮಾತು ಹೇಳುತ್ತದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರ ಪ್ರಕಾರ ದಿನಗೂಲಿಯವರಿಗೆ ಪಾಳಿ ಮುಗಿದಾಗ ಕೂಲಿ, ವಾರದ ಲೆಕ್ಕದವರಿಗೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ. ಕೆಲಸ ಬಿಟ್ಟವರಿಗೂ ತೆಗೆದುಹಾಕಲ್ಪಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ. ಹೊಸ ಕಾರ್ಮಿಕ ಸಂಹಿತೆಗಳ ಬೇರೆ ಹಲವು ಅಂಶಗಳಿಗೆ ಕಾರ್ಮಿಕ ಸಂಘಗಳ ವಿರೋಧವಿದೆ, ಅದಕ್ಕೆ ಕಾರಣಗಳೂ ಇವೆ. ಆದರೂ ಈ ಕಲಮನ್ನು ನಾವು ಬಿಗಿಯಾಗಿ ಹಿಡಿಯಬೇಕು.

ಹೊರಗಿನಿಂದ ಬಂದವನ ಮಾತನ್ನೂ ಮರೆಯಬೇಡಿ. ಭಾಷೆಯ ಗಡಿಯಲ್ಲಿ ಬದುಕುವ ನಮಗೆ, ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಸಂಕಟ ಗೊತ್ತು. ಇಂದು ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದು ಇಲ್ಲಿ ಗಾರೆ ಹೊರುವ ಹುಡುಗರು ಅದೇ ಸಂಕಟದಲ್ಲಿದ್ದಾರೆ. ಮೇಸ್ತ್ರಿ ಅವರ ಕೂಲಿ ನುಂಗಿದರೆ "ಅವರು ನಮ್ಮವರಲ್ಲ" ಎನ್ನುವ ಬಾಯಿ, ಕೀ ತೇತ್ಸೆಯ ಮುಂದೆ ಮುಚ್ಚಬೇಕು.

ಆದುದರಿಂದ ನನ್ನ ಬೇಡಿಕೆ ಇಷ್ಟು. ಮೊದಲು ನಮ್ಮ ಸಭೆಗಳು, ನಮ್ಮ ಶಾಲೆಗಳು, ನಮ್ಮ ಆಸ್ಪತ್ರೆಗಳು ತಮ್ಮ ಕೂಲಿ ಪುಸ್ತಕ ತೆರೆದು ಬಾಕಿ ತೀರಿಸಲಿ. ಆ ಬಾಕಿ ತೀರುವ ತನಕ ಹೊಸ ಗಂಟೆಗೋಪುರಕ್ಕೆ ಚಂದಾ ಎತ್ತುವುದು ಬೇಡ. ಆಮೇಲೆ ಊರಿನ ಧಣಿಗಳ ಬಾಗಿಲಿಗೆ ಹೋಗೋಣ. ಆಗ ನಮ್ಮ ಮಾತಿಗೆ ತೂಕವಿರುತ್ತದೆ.

ಕ್ರಿಸ್ತನಲ್ಲಿ ನಿಮ್ಮ ಸಹೋದರ,
ಒಬ್ಬ ಉಪದೇಶಿ