ಆಟದ ಅಂಗಳ: ಜಾಗ ಕಾಯುವ ವಿದ್ಯೆ

ಬೆಲ್ಲದ ಪೇಟೆಗೂ ನೇಕಾರಿಕೆಗೂ ಹೆಸರಾದ ಮಹಾಲಿಂಗಪುರದ ಸೀಮೆಯಲ್ಲಿ ಯಾರಾದರೂ ಹಿರಿಯರ ಮುಂದೆ 'ಜೋನ್ ಡಿಫೆನ್ಸ್' ಎಂದರೆ, ಅವರು ಅದನ್ನು ಪರದೇಶದ ಸಂಗತಿಯೆಂದೇ ಬಗೆದಾರು. ಹೆಸರು ಪರದೇಶದ್ದೇ ಸರಿ. ಅದರ ತಿರುಳು ಮಾತ್ರ ಮಹಾರಾಷ್ಟ್ರದ ನೆರೆಯಲ್ಲಿರುವ ಈ ನಾಡಿಗೆ ಹೊಸದಲ್ಲ. ಆಟ್ಯಾ-ಪಾಟ್ಯಾ ಆಡಿದವರೂ ನೋಡಿದವರೂ ಅದನ್ನು ಬಲ್ಲರು. ಬಯಲಿನಲ್ಲಿ ಒಂಬತ್ತು ಅಡ್ಡ ಪಾಟಿಗಳು, ಅವುಗಳನ್ನು ನಡುವೆ ಸೀಳಿಕೊಂಡು ಹೋಗುವ ಒಂದು ಉದ್ದ ಪಾಟಿ. ಒಂದೊಂದು ಅಡ್ಡ ಪಾಟಿಗೆ ಒಬ್ಬೊಬ್ಬ ಕಾವಲುಗಾರ. ನುಸುಳಿ ಬರುವವನು ಗೆಳೆಯನೋ, ಗೊತ್ತಿಲ್ಲದವನೋ, ಬಲಿಷ್ಠನೋ, ದುರ್ಬಲನೋ ಎಂಬುದು ಕಾವಲುಗಾರನಿಗೆ ಮುಖ್ಯವಲ್ಲ. ತನ್ನ ಪಾಟಿಯನ್ನು ಯಾರು ದಾಟಹೊರಟರೂ ಅವರನ್ನು ತಡೆಯುವುದು ಅವನ ಧರ್ಮ. ಕಾಯಬೇಕಾದದ್ದು ಆಳನ್ನಲ್ಲ, ಜಾಗವನ್ನು.

ಬ್ಯಾಸ್ಕೆಟ್‌ಬಾಲಿನ ವಲಯ ರಕ್ಷಣೆಯೆಂದರೂ ಇದೇ. ಆ ಆಟದಲ್ಲಿ ಬುಟ್ಟಿಯನ್ನು ಕಾಯುವ ಬಗೆ ಎರಡು. ಒಂದು, ಆಳಿಗೆ ಆಳು: ಎದುರು ಪಕ್ಷದ ಐವರಿಗೆ ಇತ್ತ ಐವರು, ಒಬ್ಬೊಬ್ಬನ ಬೆನ್ನಿಗೆ ಒಬ್ಬೊಬ್ಬ ನೆರಳಿನಂತೆ. ಇನ್ನೊಂದು, ವಲಯ: ಐವರೂ ಬುಟ್ಟಿಯ ಮುಂದಿನ ನೆಲವನ್ನು ತಮ್ಮೊಳಗೆ ಹಂಚಿಕೊಂಡು, ತಂತಮ್ಮ ಪಾಲಿಗೆ ಬಂದವರನ್ನು ಎದುರಿಸುವುದು.

ಈ ಎರಡನೆಯ ಬಗೆಯ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು 1891ರ ಡಿಸೆಂಬರಿನಲ್ಲಿ ಹಣ್ಣಿನ ಬುಟ್ಟಿಗಳೆರಡನ್ನು ತೂಗಹಾಕಿ, ಪಕ್ಷಕ್ಕೆ ಒಂಬತ್ತರಂತೆ ಹದಿನೆಂಟು ವಿದ್ಯಾರ್ಥಿಗಳಿಗೆ ಈ ಆಟವನ್ನು ಕಲಿಸಿದರು. ಆಮೇಲೆ ಬಹುಕಾಲ ಆಳಿಗೆ ಆಳೆಂಬುದೇ ಸಹಜ ಕ್ರಮವಾಗಿತ್ತು. 1914ರಲ್ಲಿ ಪಶ್ಚಿಮ ವರ್ಜೀನಿಯಾದ ಬ್ರಿಸ್ಟಲ್ ಎಂಬಲ್ಲಿ ಆಟದ ಮನೆಯ ಮಾಡು ಸೋರಿ, ಎದುರಾಳಿಗಳ ಬೆನ್ನಟ್ಟಿದ ಹುಡುಗರು ಒದ್ದೆ ನೆಲದ ಮೇಲೆ ಜಾರತೊಡಗಿದರಂತೆ. ಆಗ ಕ್ಯಾಮ್ ಹೆಂಡರ್ಸನ್ ಎಂಬ ತರಬೇತುಗಾರರು, 'ಬೆನ್ನಟ್ಟುವುದು ಬೇಡ; ನಿಮ್ಮ ನಿಮ್ಮ ಜಾಗ ಹಿಡಿದು ಕಾಯಿರಿ' ಎಂಬ ಉಪಾಯ ಹೂಡಿದರೆಂದು ಹೇಳುತ್ತಾರೆ. ಕೊರತೆಯೇ ತಂತ್ರವೊಂದನ್ನು ಹೆತ್ತಿತು. ಮಣ್ಣಿನಂಗಳದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳನ್ನು ಆಡಿಸುವ ಮಾಸ್ತರರಿಗೆ ಈ ಕಥೆ ಧೈರ್ಯ ಕೊಡಬೇಕು.

ಆದರೆ 'ಜಾಗ ಕಾಯಿರಿ' ಎಂಬ ಮಾತನ್ನು 'ಜಾಗದಲ್ಲಿ ನಿಂತಿರಿ' ಎಂದು ತಿಳಿಯುವುದೇ ಮೊದಲ ತಪ್ಪು. ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಆಟದ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಅದರ ಅರ್ಧವೆಂದರೆ 210 ಚದರ ಮೀಟರ್. ಐವರಿಗೆ ಹಂಚಿದರೆ ತಲೆಗೆ 42. ಸಾಮಾನ್ಯ ಮನೆಯೊಂದರ ಪಡಸಾಲೆಗಿಂತ ದೊಡ್ಡದಾದ ಆ ನೆಲವನ್ನು ಹದಿನಾಲ್ಕರ ಹುಡುಗಿಯೊಬ್ಬಳು ನಿಂತಲ್ಲೇ ನಿಂತು ಕಾಯಬಲ್ಲಳೇ? ಸಾಧ್ಯವಿಲ್ಲ. ಆದುದರಿಂದ ವಲಯವೆಂಬುದು ನಿಂತ ಗೋಡೆಯಲ್ಲ, ಚೆಂಡು ಹೋದತ್ತ ವಾಲುವ ಬಲೆ. ಚೆಂಡು ಕೈಯಿಂದ ಕೈಗೆ ಹಾರಿದಾಗಲೆಲ್ಲ ಐವರೂ ಹೆಜ್ಜೆ ಕದಲಿಸಬೇಕು. ಅದೂ ಚೆಂಡು ಮುಟ್ಟಿದ ಮೇಲಲ್ಲ, ಗಾಳಿಯಲ್ಲಿರುವಾಗಲೇ.

ಶಾಲೆಗಳಲ್ಲಿ ಹೆಚ್ಚಾಗಿ ಕಲಿಸುವುದು ಎರಡು-ಮೂರರ ವ್ಯೂಹ: ಮುಂದಿನ ಸಾಲಿನಲ್ಲಿ ಇಬ್ಬರು, ಬುಟ್ಟಿಯ ಬಳಿ ಹಿಂದಿನ ಸಾಲಿನಲ್ಲಿ ಮೂವರು. ಚೆಂಡು ಬಲಮೂಲೆಗೆ ಹೋಯಿತೆನ್ನೋಣ. ಹಿಂದಿನ ಸಾಲಿನ ಬಲಗಡೆಯವನು ಕೈಯೆತ್ತಿ ಅಲ್ಲಿಗೆ ಧಾವಿಸಬೇಕು. ಅವನು ಬಿಟ್ಟುಹೋದ ಕಡೆಗೆ, ಚೆಂಡಿಗೂ ಬುಟ್ಟಿಗೂ ನಡುವೆ, ಮಧ್ಯದವನು ಸರಿಯಬೇಕು. ಎಡಗಡೆಯವನು ಬುಟ್ಟಿಯ ಮುಂದಕ್ಕೆ ಬರಬೇಕು. ಮುಂದಿನ ಸಾಲಿನ ಬಲಗಡೆಯವನು ಕೆಳಗಿಳಿದು ಚೆಂಡು ಮರಳಿ ಬರುವ ದಾರಿಗೆ ಅಡ್ಡ ನಿಲ್ಲಬೇಕು. ಅವನ ಜೊತೆಗಾರ ದಂಡದೆಸೆತದ ಗೆರೆಯ ನಡುವನ್ನು ತುಂಬಬೇಕು. ಒಬ್ಬನು ಮರೆತರೆ ಉಳಿದ ನಾಲ್ವರ ಶ್ರಮ ವ್ಯರ್ಥ.

ಇದನ್ನು ಕಲಿಸುವುದಕ್ಕೆ ಮೊದಲಿಗೆ ಪಂದ್ಯವೇ ಬೇಡ. ಐವರನ್ನು ವ್ಯೂಹದಲ್ಲಿ ನಿಲ್ಲಿಸಿ, ಮಾಸ್ತರರು ಚೆಂಡನ್ನು ಹಿಡಿದು ಹೊರಗಿನ ಅಂಚಿನಲ್ಲಿ ನಿಧಾನವಾಗಿ ನಡೆಯಲಿ. ಮಕ್ಕಳು ಅದಕ್ಕೆ ತಕ್ಕಂತೆ ಕದಲಲಿ. ಮರುದಿನ ನಾಲ್ವರನ್ನು ಹೊರಗೆ ನಿಲ್ಲಿಸಿ ಚೆಂಡನ್ನು ಪರಸ್ಪರ ಎಸೆಯಹೇಳಲಿ. ಬುಟ್ಟಿಗೆ ಎಸೆಯಲು ಯಾರಿಗೂ ಅಪ್ಪಣೆಯಿಲ್ಲ. ಹೆಜ್ಜೆಗಳು ಕೂಡಿಬಂದ ಮೇಲೆ ಎಸೆತ, ಎಸೆತದ ಮೇಲೆ ಪುಟಿದ ಚೆಂಡಿಗಾಗಿ ಹೋರಾಟ. ಈ ಕೊನೆಯ ಪಾಠವನ್ನು ಬಿಡಬಾರದು. ಆಳಿಗೆ ಆಳು ಕಾಯುವಾಗ, ಎಸೆತವಾದೊಡನೆ ಯಾರನ್ನು ಬೆನ್ನಿನಿಂದ ತಡೆಯಬೇಕೆಂಬುದು ಗೊತ್ತಿರುತ್ತದೆ. ವಲಯದಲ್ಲಿ ಆ ಗೊತ್ತಿಲ್ಲ; ಹತ್ತಿರದವನನ್ನು ಆ ಕ್ಷಣವೇ ಹುಡುಕಿಕೊಳ್ಳಬೇಕು. ಒಳ್ಳೆಯ ವಲಯಗಳು ಸೋಲುವುದು ಅನೇಕ ಸಲ ಇಲ್ಲಿಯೇ.

ಕಾಲಿನ ಪಾಠಕ್ಕಿಂತ ಕಷ್ಟವಾದದ್ದು ಬಾಯಿಯ ಪಾಠ. ಹಿಂದಿನ ಸಾಲಿನವರಿಗೆ ಅಂಗಳವೆಲ್ಲ ಕಾಣುತ್ತದೆ. ಮುಂದಿನವರಿಗೆ ಬೆನ್ನ ಹಿಂದಿನದು ಕಾಣದು. ಆದುದರಿಂದ ಹಿಂದಿನವರು 'ಬಲಕ್ಕೆ ಬಂದ್ಲು', 'ನಡುವೆ ಒಬ್ಬಳಿದ್ದಾಳೆ', 'ಮೂಲೆ ನನ್ನದು' ಎಂದು ಗಟ್ಟಿಯಾಗಿ ಕೂಗುತ್ತಲೇ ಇರಬೇಕು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೊದಲು ಕಲಿಸುವ ಪಾಠ 'ಮೆಲ್ಲಗೆ ಮಾತಾಡವ್ವಾ' ಎಂಬುದು. ಆ ಮಕ್ಕಳನ್ನು ಅಂಗಳಕ್ಕೆ ತಂದು 'ಕೂಗು' ಎಂದರೆ ಮೊದಲ ವಾರ ನಗೆ, ಎರಡನೆಯ ವಾರ ಪಿಸುಮಾತು. ಮೂರನೆಯ ವಾರ ಎಲ್ಲಿಂದಲೋ ಒಂದು ದನಿ ಏಳುತ್ತದೆ. ಉಳಿದವರು ಅದನ್ನು ನಂಬಿ ಹೆಜ್ಜೆ ಇಡುತ್ತಾರೆ. ತನ್ನ ಮಾತಿಗೆ ನಾಲ್ವರು ಕದಲಿದರೆಂಬುದನ್ನು ಕಂಡ ಹುಡುಗಿ ಅಂಗಳದಿಂದ ಮನೆಗೆ ಹೋಗುವಾಗ, ಬಂದಾಗಿನ ಹುಡುಗಿಯಾಗಿರುವುದಿಲ್ಲ. ಮಗಳು ಆಟದಿಂದ ಗಂಟಲು ಕಟ್ಟಿಸಿಕೊಂಡು ಬಂದರೆ ತಾಯಿತಂದೆಗಳು ಕಳವಳಪಡಬೇಕಾದ ಕಾರಣವಿಲ್ಲ.

ವಲಯದ ಗುಣವನ್ನೂ ದೋಷವನ್ನೂ ಒಂದೇ ಕ್ಷಣದಲ್ಲಿ ತೋರಿಸಿದ ಪಂದ್ಯವೊಂದುಂಟು. 2003ರಲ್ಲಿ ಅಮೆರಿಕದ ಕಾಲೇಜುಗಳ ಅಂತಿಮ ಪಂದ್ಯದಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯವೂ ಕ್ಯಾನ್ಸಸ್ ವಿಶ್ವವಿದ್ಯಾಲಯವೂ ಎದುರಾದವು. ಸಿರಾಕ್ಯೂಸಿನ ತರಬೇತುಗಾರ ಜಿಮ್ ಬೋಹೈಮ್ ಎರಡು-ಮೂರರ ವಲಯಕ್ಕೆ ಹೆಸರಾದವರು. ಹಿಂದೆ ಎರಡು ಬಾರಿ ಅಂತಿಮ ಪಂದ್ಯದಲ್ಲಿ ಸೋತವರು. ಕೊನೆಯ ಕ್ಷಣಗಳಲ್ಲಿ ಅವರ ಪಕ್ಷ ಮೂರು ಅಂಕ ಮುಂದಿತ್ತು. ಈ ವ್ಯೂಹದ ಬಲುದೊಡ್ಡ ತೆರಪು ಮೂಲೆ. ಕ್ಯಾನ್ಸಸಿನ ಮೈಕೇಲ್ ಲೀ ಆ ಮೂಲೆಯಲ್ಲಿಯೇ ಒಂಟಿಯಾಗಿ ಚೆಂಡು ಹಿಡಿದು ಮೂರು ಅಂಕದ ಎಸೆತಕ್ಕೆ ನೆಗೆದ. ಅಷ್ಟರಲ್ಲಿ ಹಕೀಮ್ ವಾರಿಕ್ ಒಳಗಿನಿಂದ ಧಾವಿಸಿ ಬಂದು, ನೀಳವಾದ ತೋಳು ಚಾಚಿ ಚೆಂಡನ್ನು ಹೊರದೂಡಿದ. 81-78ರಿಂದ ಸಿರಾಕ್ಯೂಸ್ ಗೆದ್ದಿತು. ವ್ಯೂಹದಲ್ಲಿ ತೆರಪಿತ್ತೆಂಬುದು ನಿಜ. ಅದನ್ನು ಮುಚ್ಚಿದ್ದು ಸುಣ್ಣದ ಗೆರೆಯಲ್ಲ, 'ಅದೂ ನನ್ನ ಪಾಲಿನದೇ' ಎಂದು ಓಡಿಬಂದ ಒಬ್ಬ ಹುಡುಗನ ಕಾಲು.

ಇಷ್ಟು ಗುಣವಿರುವ ವಿದ್ಯೆಯನ್ನು ಚಿಕ್ಕ ಮಕ್ಕಳಿಗೆ ಮೊದಲೇ ಕಲಿಸಬಾರದೆ? ಮಾಸ್ತರರ ನಿಜವಾದ ಪರೀಕ್ಷೆ ಇಲ್ಲಿದೆ. ಹತ್ತು ವರ್ಷದ ಮಕ್ಕಳಿಗೆ ದೂರದಿಂದ ಗುರಿಯಿಟ್ಟು ಎಸೆಯುವಷ್ಟು ತೋಳ್ಬಲ ಇರುವುದಿಲ್ಲ. ದೊಡ್ಡವರ ಬುಟ್ಟಿಯಂತೂ ನೆಲದಿಂದ 3.05 ಮೀಟರ್ ಎತ್ತರ. ಆದುದರಿಂದ ಐದು ಮಕ್ಕಳನ್ನು ಬುಟ್ಟಿಯ ಕೆಳಗೆ ಒತ್ತಾಗಿ ನಿಲ್ಲಿಸಿಬಿಟ್ಟರೆ ಎದುರು ಪಕ್ಷಕ್ಕೆ ಒಳನುಗ್ಗಲು ದಾರಿಯಿಲ್ಲ, ಹೊರಗಿನಿಂದ ಎಸೆಯಲು ಶಕ್ತಿಯಿಲ್ಲ. ತಾಲ್ಲೂಕಿನ ಪಂದ್ಯ ಸುಲಭವಾಗಿ ಕೈಗೆ ಬರುತ್ತದೆ. ಶಾಲೆಗೆ ಬಟ್ಟಲು, ಮಾಸ್ತರರಿಗೆ ಹಾರ. ಆದರೆ ಆ ಐದು ಮಕ್ಕಳು ಎದುರಾಳಿಯ ಸೊಂಟದ ಚಲನೆ ನೋಡಿ ಅವನ ದಿಕ್ಕನ್ನು ಊಹಿಸುವುದನ್ನೂ, ಬಾಗಿ ಪಕ್ಕಹೆಜ್ಜೆ ಹಾಕುವುದನ್ನೂ ಕಲಿತಿರುವುದಿಲ್ಲ. ಎರಡು ವರ್ಷ ಕಳೆದು ಎದುರಿನ ಮಕ್ಕಳ ತೋಳಿಗೆ ಬಲ ಬಂದಾಗ ಈ ಗೋಡೆ ಕುಸಿಯುತ್ತದೆ. ಅದರ ಹಿಂದೆ ಕಲಿಕೆಯೆಂಬುದು ಏನೂ ಇರುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯು ಎನ್‌ಬಿಎಯೊಡನೆ ಕೂಡಿ ಹೊರಡಿಸಿದ ಬಾಲಕರ ಮಾರ್ಗಸೂಚಿಯಲ್ಲಿ ಹನ್ನೊಂದರ ವಯಸ್ಸಿನವರೆಗೆ ವಲಯ ರಕ್ಷಣೆ ಬೇಡವೆಂದಿರುವುದು ಇಂಥ ವಿವೇಕದಿಂದಲೇ. ದೊಡ್ಡವರ ಆಟದಲ್ಲಿಯೂ ಇದು ವಿವಾದದ ವಸ್ತುವಾಗಿತ್ತು. ಮುಂದೆ ಎನ್‌ಬಿಎ ಎನಿಸಿಕೊಂಡ ವೃತ್ತಿ ಆಟಗಾರರ ಸಂಘವು ವಲಯ ರಕ್ಷಣೆಯನ್ನು 1947ರಲ್ಲಿ ನಿಷೇಧಿಸಿ, 2001ರಲ್ಲಷ್ಟೇ ಮತ್ತೆ ಅದಕ್ಕೆ ಬಾಗಿಲು ತೆರೆಯಿತು. ಆದುದರಿಂದ ಕ್ರಮ ಹೀಗಿರುವುದು ಲೇಸು: ಮೊದಲು ಆಳನ್ನು ಕಾಯುವ ವಿದ್ಯೆ, ಆಮೇಲೆ ಜಾಗವನ್ನು ಕಾಯುವ ವಿದ್ಯೆ. ಒಬ್ಬನನ್ನು ತಡೆಯಲಾರದವನು ತನ್ನ ಪಾಲಿನ ನೆಲಕ್ಕೆ ಬಂದವನನ್ನು ತಾನೇ ಹೇಗೆ ತಡೆದಾನು?

ವಲಯದ ಹೆಸರಿನಲ್ಲಿ ಇನ್ನೊಂದು ಅನ್ಯಾಯವೂ ನಡೆಯುವುದುಂಟು. ಗಿಡ್ಡ ಮಗುವನ್ನೋ ನಿಧಾನದ ಮಗುವನ್ನೋ ವ್ಯೂಹದೊಳಗೆ ಅಡಗಿಸಿಟ್ಟು, 'ನೀನು ಸುಮ್ಮನೆ ಅಲ್ಲಿ ನಿಂತಿರು' ಎನ್ನುವ ಪದ್ಧತಿ. ಅಡಗಿಸಿಟ್ಟ ಮಗು ಎಂದಿಗೂ ಬೆಳೆಯದು. ಅದೇ ಮಗುವಿಗೆ ಮುಂದಿನ ಸಾಲಿನ ಒಂದು ಬದಿಯನ್ನು ವಹಿಸಿ, 'ಈ ದಾರಿ ನಿನ್ನದು. ಚೆಂಡು ಇಲ್ಲಿ ಸುಲಭವಾಗಿ ಹಾಯಬಾರದು' ಎಂದರೆ ಅದರ ಕಣ್ಣು ಚುರುಕಾಗುತ್ತದೆ. ಒಮ್ಮೆ ಚೆಂಡು ದೊರೆತ ಪಕ್ಷ 24 ಸೆಕೆಂಡುಗಳೊಳಗೆ ಎಸೆಯಬೇಕೆಂಬುದು ಇಂದಿನ ನಿಯಮ. ಅಷ್ಟು ಹೊತ್ತು ಎಚ್ಚರವಾಗಿರುವುದಕ್ಕೆ ಎತ್ತರ ಬೇಕಿಲ್ಲ.

ಕಾವಲಿನ ಕೆಲಸಕ್ಕೆ ಚಪ್ಪಾಳೆ ಕಡಮೆ. ಬುಟ್ಟಿಗೆ ಚೆಂಡು ಹಾಕಿದವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಬೀಳಬೇಕಾಗಿದ್ದ ಚೆಂಡನ್ನು ಬೀಳಗೊಡದವರ ಲೆಕ್ಕವನ್ನು ಬರೆಯುವವರು ವಿರಳ. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ಪಿನ ಬಿ ವಿಭಾಗದ ಅಂತಿಮ ಪಂದ್ಯವನ್ನಾಡಿ, ಕಜಾಕಸ್ತಾನವನ್ನು ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಅಂಕ 75-73. ಅಂತರ ಒಂದೇ ಒಂದು ಬುಟ್ಟಿ. ಹಾಕಿದ ಬುಟ್ಟಿಗಳಲ್ಲಿ ಯಾವುದು ಗೆಲ್ಲಿಸಿತೆಂದು ಕೇಳುವಷ್ಟೇ ನ್ಯಾಯವಾಗಿ, ತಡೆದ ಬುಟ್ಟಿಗಳಲ್ಲಿ ಯಾವುದು ಗೆಲ್ಲಿಸಿತೆಂದೂ ಕೇಳಬಹುದು.

ಮಹಾಲಿಂಗಪುರದ ಬಯಲಿನಲ್ಲಿಯಾಗಲಿ, ಬೆಂಗಳೂರಿನ ಒಳಾಂಗಣದಲ್ಲಿಯಾಗಲಿ, ಈ ವಿದ್ಯೆಯ ಸಾರ ಒಂದೇ. ತನ್ನ ಪಾಲಿನ ನೆಲವನ್ನು ಬಿಡದಿರುವುದು. ನೆರೆಯವನ ನೆಲ ಬರಿದಾದರೆ ಕರೆಯುವ ಮೊದಲೇ ಅಲ್ಲಿಗೆ ಹೋಗುವುದು. ಕಂಡದ್ದನ್ನು ಗಟ್ಟಿಯಾಗಿ ಹೇಳುವುದು. ಇಷ್ಟನ್ನು ಕಲಿತ ಮಕ್ಕಳು ಬಟ್ಟಲಿಲ್ಲದೆ ಮನೆಗೆ ಬಂದರೂ ಬರಿಗೈಯಲ್ಲಿ ಬಂದಂತಲ್ಲ.