ತಾಯಿಯಿಲ್ಲದ ಮನೆಯೂ ನಮ್ಮ ಕರ್ತವ್ಯವೂ

ಪತ್ನಿಯನ್ನು ಕಳೆದುಕೊಂಡವನ ಮನೆಗೆ ನಾವು ಸಾಮಾನ್ಯವಾಗಿ ಹೋಗುವುದು ಎರಡೇ ಬಾರಿ: ಶವಸಂಸ್ಕಾರದ ದಿನ ಮತ್ತು ತಿಂಗಳ ಪೂಜೆಯ ದಿನ. ಅನಂತರ ಆತನಿಗೆ ನಮ್ಮಿಂದ ದೊರೆಯುವುದು ಸಲಹೆ ಮಾತ್ರ. ಮರುಮದುವೆಯಾಗು ಎನ್ನುತ್ತೇವೆ, ಮಕ್ಕಳನ್ನು ಹಾಸ್ಟೆಲಿಗೆ ಸೇರಿಸು ಎನ್ನುತ್ತೇವೆ. ಆತನು ಹೊಸದಾಗಿ ನಮ್ಮ ಧರ್ಮಕೇಂದ್ರಕ್ಕೆ ಬಂದವನಾದರೆ ಆ ಸಲಹೆಯೂ ಇಲ್ಲ. ಭಾನುವಾರದ ಪೂಜೆ ಮುಗಿದೊಡನೆ ಮಕ್ಕಳ ಕೈಹಿಡಿದು ಮೌನವಾಗಿ ಮರಳುತ್ತಾನೆ.

ಇಂಥವರನ್ನು ಕಂಡಾಗ ಸಂತ ಲೂಯಿ ಮಾರ್ಟಿನರು ನಮಗೆ ನೆನಪಾಗಬೇಕು. ಫ್ರಾನ್ಸಿನ ಅಲೆನ್ಸಾನ್ ಪಟ್ಟಣದಲ್ಲಿ ಗಡಿಯಾರದ ಕಸುಬು ಮಾಡಿಕೊಂಡಿದ್ದ ಇವರು 1877ರ ಆಗಸ್ಟ್ 28ರಂದು ಪತ್ನಿ ಜೆಲಿಯವರನ್ನು ಕ್ಯಾನ್ಸರಿನಿಂದ ಕಳೆದುಕೊಂಡರು. ಆಗ ಇವರಿಗೆ 54 ವರ್ಷ. ಒಂಬತ್ತು ಮಕ್ಕಳಲ್ಲಿ ಉಳಿದವರು ಐವರು ಹೆಣ್ಣುಮಕ್ಕಳು. ಕಿರಿಯವಳಿಗೆ ನಾಲ್ಕೇ ವರ್ಷ. ಆಕೆಯೇ ಮುಂದೆ ಬಾಲಯೇಸುವಿನ ಸಂತ ತೆರೇಸಾ. ಅದೇ ನವೆಂಬರಿನಲ್ಲಿ ಲೂಯಿಯವರು ವೃದ್ಧ ತಾಯಿಯನ್ನೂ ಗೆಳೆಯರನ್ನೂ ಪತ್ನಿಯ ಸಮಾಧಿಯನ್ನೂ ಬಿಟ್ಟು ಲಿಸಿಯೋ ಪಟ್ಟಣಕ್ಕೆ ಹೊರಟರು. ಅಲ್ಲಿ ಜೆಲಿಯವರ ತಮ್ಮ, ಔಷಧ ವ್ಯಾಪಾರಿ ಇಸಿದೋರ್ ಗೆರಾನರಿದ್ದರು. ಮಕ್ಕಳಿಗೆ ಬಂಧುಗಳ ಆಸರೆ ಬೇಕೆಂಬುದೇ ತಂದೆಯ ಉದ್ದೇಶವಾಗಿತ್ತು.

ಗೆರಾನರು ಬರಿಯ ಸಾಂತ್ವನ ಹೇಳಲಿಲ್ಲ. ಮನೆ ಹುಡುಕಿಕೊಟ್ಟರು; ಭಾನುವಾರಗಳಲ್ಲಿ ಮಕ್ಕಳನ್ನು ತಮ್ಮ ಮನೆಗೆ ಬರಮಾಡಿಕೊಂಡರು. ರಾತ್ರಿ ತಂದೆ ಬಂದು ಕರೆದೊಯ್ಯುವಾಗ ಪುಟ್ಟ ತೆರೇಸಾ ದಾರಿಯುದ್ದಕ್ಕೂ ನಕ್ಷತ್ರಗಳನ್ನು ನೋಡುತ್ತಾ ನಡೆಯುತ್ತಿದ್ದಳು. ಆದರೂ ಮಾತುಮಾತಿಗೆ ಕಣ್ಣೀರಿಡುವ ಆಕೆಯ ಸ್ವಭಾವ 1886ರ ಕ್ರಿಸ್ಮಸ್ ರಾತ್ರಿಯವರೆಗೂ ಹೋಗಲಿಲ್ಲ. ಅಷ್ಟು ಪ್ರೀತಿಯ ನಡುವೆಯೂ ಒಂಬತ್ತು ವರ್ಷ ಬೇಕಾಯಿತು! ನಾವಾದರೋ ಆರು ತಿಂಗಳಿಗೇ, 'ಇನ್ನೂ ಅಳುತ್ತೀಯಾ?' ಎಂದು ಮಗುವನ್ನು ಗದರಿಸುತ್ತೇವೆ.

ಕಾಲವೇ ದುಃಖವನ್ನು ಮಾಯಿಸುತ್ತದೆಂಬ ಮಾತು ಅರ್ಧಸತ್ಯ. ಕಾಲವು ಒಂದು ಪಾತ್ರೆ ಮಾತ್ರ. ಅದರಲ್ಲಿ ಏನನ್ನು ತುಂಬುತ್ತೇವೆಂಬುದೇ ಮುಖ್ಯ. ಲೂಯಿಯವರಿಗೆ ಮಹಡಿಯ ಮೇಲೆ ಏಕಾಂತದ ಕೋಣೆಯೊಂದಿತ್ತು. ಅಲ್ಲಿ ಅವರು ಓದಿದರು, ಪ್ರಾರ್ಥಿಸಿದರು. ಸಂಜೆಯಾದೊಡನೆ ಕೆಳಗಿಳಿದು ಮಕ್ಕಳೊಡನೆ ಆಡಿದರು, ಹಾಡಿದರು. ದುಃಖಕ್ಕೂ ಒಂದು ಕೋಣೆಯಿರಲಿ, ಆದರೆ ಇಡೀ ಮನೆ ಅದರದಾಗದಿರಲಿ ಎಂಬುದು ಈ ತಂದೆಯ ಬಾಳಿನಿಂದ ನಾವು ಕಲಿಯತಕ್ಕ ಪಾಠ.

2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಜೆಲಿ ದಂಪತಿಗಳಿಬ್ಬರಿಗೂ ಒಟ್ಟಿಗೆ ಸಂತ ಪದವಿಯನ್ನಿತ್ತರು. ಗೆರಾನರಿಗೆ ಆ ಪದವಿಯಿಲ್ಲ. ಆದರೆ ನಮ್ಮ ಬೀದಿಗಳಲ್ಲಿ ಇಂದು ಕೊರತೆಯಿರುವುದು ಗೆರಾನರಂಥವರಿಗೇ. ಬರುವ ಭಾನುವಾರ ಆ ಹೊಸ ಕುಟುಂಬವನ್ನು ಊಟಕ್ಕೆ ಕರೆಯೋಣ. ಮಕ್ಕಳ ತಾಯಿಯ ಹೆಸರೇನೆಂದು ಸಂಕೋಚವಿಲ್ಲದೆ ಕೇಳೋಣ. ಆ ಹೆಸರನ್ನು ಹೇಳಿಕೊಳ್ಳಲು ಅವರು ಎಷ್ಟು ದಿನಗಳಿಂದ ಕಾದಿರುವರೋ!