ಗಡಿಯಲ್ಲಿ ನಿಂತ ಥೈರಾಯ್ಡ್

‘ರಿಪೋರ್ಟಿನಲ್ಲಿ ನಾರ್ಮಲ್ ಅಂತಲೇ ಇದೆ, ಡಾಕ್ಟ್ರು ನೋಡಿದರೆ ಥೈರಾಯ್ಡ್ ಮಾತ್ರೆ ಬರೆದಿದ್ದಾರೆ. ತಗೋಬೇಕಾ ಮೇಡಂ?’ ಥಾಣೆಯ ನನ್ನ ಕ್ಲಿನಿಕ್ಕಿಗೆ ಬರುವ ಕನ್ನಡದ ಬಸುರಿಯರು ಪದೇ ಪದೇ ಕೇಳುವ ಪ್ರಶ್ನೆ ಇದು.

ಉತ್ತರಕ್ಕೆ ರಿಪೋರ್ಟಿನ ಕೊನೆಯ ಕಾಲಮ್ ನೋಡಬೇಕು. ಅಲ್ಲಿ ಅಚ್ಚಾಗಿರುವ ಮಿತಿ ಅನೇಕ ಲ್ಯಾಬುಗಳಲ್ಲಿ ಎಲ್ಲ ವಯಸ್ಕರಿಗೂ ಸೇರಿಸಿ ಹಾಕಿದ್ದು, ಬಸುರಿಯರದ್ದಲ್ಲ. ಮೊದಲ ತಿಂಗಳುಗಳಲ್ಲಿ ಎಚ್‌ಸಿಜಿ ಹಾರ್ಮೋನು ಥೈರಾಯ್ಡ್ ಗ್ರಂಥಿಯನ್ನು ಚುರುಕು ಮಾಡುವುದರಿಂದ ಟಿಎಸ್‌ಎಚ್ ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾಗಿ 4.8 ಎಂಬ ಅಂಕಿ ಗಂಡನಿಗೆ ಸರಿಯಿದ್ದರೂ ಮೂರು ತಿಂಗಳ ಬಸುರಿಗೆ ಯೋಚಿಸಬೇಕಾದ ಅಂಕಿ.

ತಡಮಾಡಬಾರದು ಎನ್ನಲು ಕಾರಣವಿದೆ. ಮಗುವಿನ ಥೈರಾಯ್ಡ್ ಕೆಲಸ ಶುರು ಮಾಡುವುದೇ ಸುಮಾರು 12ನೇ ವಾರಕ್ಕೆ. ತನಗೆ ಬೇಕಾದಷ್ಟು ತಯಾರಿಸಿಕೊಳ್ಳುವ ಹೊತ್ತಿಗೆ 18-20 ವಾರ. ಅಲ್ಲಿಯವರೆಗೆ ಅದರ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಸುಸ್ತು, ಮಲಬದ್ಧತೆ, ಮೈಭಾರ ‘ಬಸುರಿಯಲ್ಲಿ ಇದ್ದದ್ದೇ’ ಎನ್ನುತ್ತಾರೆ ಅತ್ತೆಯವರು. ಸುಳ್ಳಲ್ಲ. ಅದಕ್ಕೇ ಲಕ್ಷಣ ನೋಡಿ ಹೇಳಲಾಗದು, ರಕ್ತಪರೀಕ್ಷೆಯೇ ಬೇಕು.

ಒಬ್ಬ ಡಾಕ್ಟರು ಮಾತ್ರೆ ಬೇಕೆಂದರೆ ಇನ್ನೊಬ್ಬರು ಬೇಡ ಎನ್ನುವುದೂ ಉಂಟು. ಗಡಿಯ ಅಂಕಿಯೇ ಬದಲಾಗಿದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2011ರಲ್ಲಿ ಮೊದಲ ಮೂರು ತಿಂಗಳಿಗೆ 2.5 ಎಂದಿತ್ತು, 2017ರಲ್ಲಿ, ಸ್ಥಳೀಯ ಮಿತಿ ಇಲ್ಲದ ಕಡೆ ಸುಮಾರು 4 ಎಂದು ಸಡಿಲಿಸಿತು. 10 ದಾಟಿದರೆ ಚರ್ಚೆಯಿಲ್ಲ, ಚಿಕಿತ್ಸೆ ಬೇಕೇ ಬೇಕು. ನಡುವಿನವರಿಗೆ ನಾನು ಫ್ರೀ ಟಿ4 ಮತ್ತು ಟಿಪಿಒ ಆಂಟಿಬಾಡಿ ಪರೀಕ್ಷೆ ಬರೆಯುತ್ತೇನೆ. ಟಿ4 ಕಡಿಮೆಯಿದ್ದರೆ, ಇಲ್ಲವೇ ಟಿಎಸ್‌ಎಚ್ 4 ದಾಟಿ ಆಂಟಿಬಾಡಿಯೂ ಇದ್ದರೆ ಮಾತ್ರೆ. ಎರಡೂ ಇಲ್ಲದಿದ್ದರೆ 4 ವಾರ ಬಿಟ್ಟು ಮತ್ತೆ ನೋಡುವುದೂ ಒಂದು ದಾರಿ.

ಲೆವೊಥೈರಾಕ್ಸಿನ್ ಎಂದು ಹೆದರಬೇಡಿ. ನಮ್ಮ ಗ್ರಂಥಿ ತಯಾರಿಸುವ ಹಾರ್ಮೋನೇ ಅದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ. ಫಿಲ್ಟರ್ ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ ಬೇಕು. ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ, ಪೂರ್ತಿ ಸೈಂಧವ ಲವಣಕ್ಕೆ ಬದಲಾಗುವುದು ಬೇಡ. ಎಲೆಕೋಸಿನ ಪಲ್ಯ ಬಿಡಬೇಕಿಲ್ಲ.

ಊರು ಬಿಟ್ಟು ಬಂದ ನಮ್ಮಲ್ಲಿ ಚಿಕಿತ್ಸೆ ತಪ್ಪಿಹೋಗುವುದು ಹೆಚ್ಚಾಗಿ ಏಳನೇ ತಿಂಗಳಲ್ಲಿ. ಸೀಮಂತ ಮುಗಿಸಿ ಹುಬ್ಬಳ್ಳಿಗೋ ಉಡುಪಿಗೋ ತವರಿಗೆ ಹೊರಟಾಗ ಸೀರೆ, ಬಳೆ ಎಲ್ಲ ಜೊತೆಗೆ ಹೋಗುತ್ತವೆ, ಫೈಲು ಇಲ್ಲೇ ಉಳಿಯುತ್ತದೆ. ಅಲ್ಲಿನ ಡಾಕ್ಟರಿಗೆ ಹಳೆಯ ಅಂಕಿ ಗೊತ್ತಿಲ್ಲ. 30ನೇ ವಾರದ ಆಸುಪಾಸಿನ ಟೆಸ್ಟ್ ತಪ್ಪುತ್ತದೆ. ‘ಎಷ್ಟು ಮಾತ್ರೆ ನುಂಗ್ತೀಯೇ’ ಎಂದು ಅಜ್ಜಿ ಮರುಗಿದರೆ ಮಾತ್ರೆಯೂ ನಿಲ್ಲುತ್ತದೆ. ಎಲ್ಲ ರಿಪೋರ್ಟಿನ ಫೋಟೋ ಫೋನಿನಲ್ಲಿಟ್ಟುಕೊಳ್ಳಿ, ಎರಡು ತಿಂಗಳ ಮಾತ್ರೆ ಕಟ್ಟಿಕೊಳ್ಳಿ, ಡೋಸ್ ಎಷ್ಟೆಂದು ತಾಯಿಗೂ ಹೇಳಿಡಿ.

ಹೆರಿಗೆಯಾದ ಮೇಲೆ ಡೋಸ್ ಸಾಮಾನ್ಯವಾಗಿ ಇಳಿಯುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಅದನ್ನು ಡಾಕ್ಟರು ಹೇಳಲಿ. ಹಾಲೂಡಿಸಲು ಈ ಮಾತ್ರೆ ಅಡ್ಡಿಯಲ್ಲ. ಮಗುವಿನ ಟಿಎಸ್‌ಎಚ್ ಪರೀಕ್ಷೆಯನ್ನು ಆಸ್ಪತ್ರೆಯಲ್ಲೇ ಕೇಳಿ ಮಾಡಿಸಿ. ನಿಮ್ಮದನ್ನು ಆರು ವಾರಕ್ಕೆ ಮಾಡಿಸಿ, ಬಾಣಂತನದ ಕೋಣೆಯಿಂದ ಎದ್ದು ಹೋಗಬೇಕಾದರೂ ಸರಿ.